ಮಾಗಡಿ ಕೆರೆಯ ಬಯಲಿಗೆ ಇಳಿದದ್ದು

ದೆವ್ವ, ಭೂತ, ಸತ್ತವರು ಬಂದು ಹೇಳಿಹೋದದ್ದು, ಇಂಥ ಮಾತು ಶುರುವಾದರೆ ನಾನು ಮೆಲ್ಲಗೆ ಎದ್ದು ಚಹಾ ಇಡಲು ಒಳಗೆ ಹೋಗುವವಳು. ಮೊದಲು ಹಿರೇವಡ್ಡಟ್ಟಿಯಲ್ಲಿ, ಆಮೇಲೆ ಮುಂಡರಗಿಯಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತ ನಿವೃತ್ತಳಾದೆ. ಶಾಲೆಯ ಹಿಂದಿನ ಹುಣಸೆ ಮರದಲ್ಲಿ ಏನೋ ಇದೆಯೆಂದು ಹುಡುಗಿಯರು ಹೆದರಿದಾಗ ಅವರನ್ನು ಅದೇ ಮರದ ಕೆಳಗೆ ಕೂಡ್ರಿಸಿ ಪಾಠ ಮಾಡಿದವಳು. ಈಗ ಅಂಥದರಲ್ಲಿ ನಂಬಿಕೆ ಬಂದಿದೆ ಎಂದು ಹೇಳಲಾರೆ. ಆದರೆ ಕೆಲವು ವರ್ಷಗಳ ಹಿಂದೆ, ಒಂದು ಚಳಿಗಾಲದ ಬೆಳಿಗ್ಗೆ ಮಾಗಡಿ ಕೆರೆಯ ಪಕ್ಕದಲ್ಲಿ ನನಗಾದದ್ದು ಆಗಿಯೇ ಇಲ್ಲ ಎಂದೂ ಹೇಳಲಾರೆ. ಹೇಗೆ ಆಯಿತೋ ಹಾಗೆ ಬರೆಯುತ್ತೇನೆ. ನಂಬುವುದು, ಬಿಡುವುದು ನಿಮಗೆ ಬಿಟ್ಟದ್ದು.

ಅದನ್ನು ಹೇಳಬೇಕಾದರೆ ನಮ್ಮ ಮಾಮೂನಿಂದ ಶುರು ಮಾಡಬೇಕು.

ರಾಜೇಸಾಬ ಮಾಮೂ ನನ್ನ ತಾಯಿಯ ತಮ್ಮ. ಲಕ್ಷ್ಮೇಶ್ವರದ ಬಜಾರದಲ್ಲಿ ನನ್ನ ಅಜ್ಜನದು ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುವ ಅಂಗಡಿ. ಆ ಅಂಗಡಿಯ ತಿದಿ ಒತ್ತುತ್ತ ಬೆಳೆದ ಮಾಮೂ ಮೆಟ್ರಿಕ್ ಮುಗಿಸಿದವರೇ ವಾಯುಪಡೆಗೆ ಸೇರಿ ಇಂಜಿನ್ ಫಿಟ್ಟರ್ ಆದರು. ವಿಮಾನ ಹಾರಿಸುವ ಕೆಲಸವಲ್ಲ, ಅದನ್ನು ಹಾರಲು ಸಿದ್ಧ ಮಾಡುವ ಕೆಲಸ. ನಮ್ಮೂರಿನವರಿಗೆ ಆ ವ್ಯತ್ಯಾಸ ಬೇಕಿರಲಿಲ್ಲ. ವಿಮಾನಕ್ಕೆ 'ಇಮಾನ' ಎನ್ನುವ ಮಂದಿ ಅವರನ್ನು 'ಇಮಾನದ ರಾಜೇಸಾಬ' ಎಂದೇ ಕರೆದರು. ನಮ್ಮ ಉರ್ದುವಿನಲ್ಲಿ ಈಮಾನ್ ಎಂದರೆ ನಂಬಿಕೆ. "ಅಷ್ಟು ದೊಡ್ಡ ಹೆಸರು ಯಾರಿಗೆ ಸಿಗ್ತೈತಿ, ಇರಲಿ ಬಿಡು" ಎಂದು ಅವರು ನಗುತ್ತಿದ್ದರು.

ಅವರು ರಜೆಗೆ ಬಂದರೆ ಓಣಿಗೇ ಹಬ್ಬ. ಗದಗ ಸ್ಟೇಷನ್ನಿನಲ್ಲಿ ಇಳಿದು, ಬಸ್ಸಿನ ಮೇಲೆ ಕರಿ ಟ್ರಂಕು ಹಾಕಿಕೊಂಡು ಬರುತ್ತಿದ್ದರು. ಟ್ರಂಕು ತೆರೆದಾಗ ಬರುತ್ತಿದ್ದ ವಾಸನೆ, ಬೂಟಿನ ಪಾಲಿಶ್, ಸಾಬೂನು, ಇನ್ನೇನೋ ಎಣ್ಣೆಯ ವಾಸನೆ, ನನಗೆ ದೂರದ ಊರುಗಳ ವಾಸನೆಯೇ ಅದು ಅನಿಸುತ್ತಿತ್ತು. ಗಟ್ಟಿ ಹಾಲಿನ ಡಬ್ಬಿ ತರುತ್ತಿದ್ದರು. ನಾವು ಅದನ್ನು ಬೆರಳಿನಿಂದ ನೆಕ್ಕುತ್ತ ಅವರ ಸುತ್ತ ಕೂಡುತ್ತಿದ್ದೆವು. ಬಜಾರದಲ್ಲಿ ಲಾರಿ ಹಾದುಹೋದರೆ ಮಾತು ನಿಲ್ಲಿಸಿ ಕಿವಿ ಓರೆ ಮಾಡಿ, ಇದರ ಇಂಜಿನ್ ಕೆಮ್ಮತೈತಿ, ಹುಬ್ಬಳ್ಳಿ ಮುಟ್ಟಂಗಿಲ್ಲ ಎನ್ನುತ್ತಿದ್ದರು. ಅದು ಹುಬ್ಬಳ್ಳಿ ಮುಟ್ಟಿತೋ ಇಲ್ಲವೋ ನಮಗೆಂದೂ ತಿಳಿಯಲಿಲ್ಲ.

ಎಪ್ಪತ್ತೊಂದರ ಯುದ್ಧದ ದಿನಗಳು ನನಗೆ ನೆನಪಿವೆ. ನಾನಾಗ ಪ್ರಾಥಮಿಕ ಶಾಲೆಯಲ್ಲಿದ್ದೆ. ಅಜ್ಜಿ ರೇಡಿಯೋ ಮುಂದಿನಿಂದ ಏಳುತ್ತಿರಲಿಲ್ಲ. ರೇಡಿಯೋದಲ್ಲಿ ಬರುತ್ತಿದ್ದ ಹಿಂದಿ ಅವಳಿಗೆ ಅರ್ಧ ತಿಳಿಯುತ್ತಿತ್ತು, ಅರ್ಧ ತಿಳಿಯುತ್ತಿರಲಿಲ್ಲ. ಮಗನ ಹೆಸರು ಬರಲಿಲ್ಲ ಎಂದರೆ ಅವಳಿಗೆ ಸಾಕಾಗಿತ್ತು. ಯುದ್ಧ ಮುಗಿದು ಮಾಮೂ ಬಂದಾಗ ಎಡಗಿವಿ ಮಂದವಾಗಿತ್ತು. ಮೊದಲಿನ ಹಾಗೇ ನಕ್ಕರು, ಮೊದಲಿನ ಹಾಗೇ ಹಾಲಿನ ಡಬ್ಬಿ ತಂದರು. ಆದರೆ ಮುಸ್ಸಂಜೆಗೆ ಮಾಳಿಗೆ ಹತ್ತಿ ಒಬ್ಬರೇ ನಿಲ್ಲುವ ಚಟ ಆ ಸಲ ಅಂಟಿಕೊಂಡು ಬಂದಿತ್ತು.

ಅವರ ನೆನಪುಗಳನ್ನು ಪುಸ್ತಕ ಮಾಡಬೇಕೆಂಬ ಹಟ ನನ್ನದು. ನಿವೃತ್ತಿಯ ನಂತರ ನನಗೆ ಸಮಯವಿತ್ತು, ಅವರಿಗೆ ಎಂಬತ್ತರ ಹತ್ತಿರ. ಕೆಲವು ಹೆಸರುಗಳು ಅವರ ಬಾಯಿಂದ ಜಾರತೊಡಗಿದ್ದವು. ಇನ್ನು ತಡ ಮಾಡಬಾರದೆಂದು ನಾನು ಮುಂಡರಗಿಯಿಂದ ಶಿರಹಟ್ಟಿ ಮೇಲೆ ಬಸ್ಸು ಹಿಡಿದು ವಾರವಾರ ಲಕ್ಷ್ಮೇಶ್ವರಕ್ಕೆ ಹೋಗುತ್ತಿದ್ದೆ. ಅವರು ಮಗಳು ಶಮಶಾದಳ ಮನೆಯಲ್ಲಿದ್ದರು. ಮಧ್ಯಾಹ್ನ ಅಂಗಳದ ಹೊರಸಿನ ಮೇಲೆ ಕೂತು ಅವರು ಹೇಳುವುದು, ನಾನು ಮೊಬೈಲಿನಲ್ಲಿ ಧ್ವನಿ ತುಂಬಿಸಿಕೊಳ್ಳುವುದು, ಮನೆಗೆ ಬಂದು ಕೇಳಿ ಕೇಳಿ ಬರೆಯುವುದು. ಮನೆಯಲ್ಲಿ ನಮ್ಮದು ಉರ್ದು. ಆದರೆ ಯುದ್ಧದ ಮಾತು ಬಂತೆಂದರೆ ಮಾಮೂ ಕನ್ನಡಕ್ಕೆ ಹೊರಳುತ್ತಿದ್ದರು. ಆ ಕತೆಗಳನ್ನು ಅವರು ಮೊದಲು ಹೇಳಿದ್ದು ಬಜಾರದ ಗೆಳೆಯರಿಗೆ, ಆ ಗೆಳೆಯರ ಭಾಷೆಯಲ್ಲೇ ಅವು ಅವರೊಳಗೆ ಕೂತುಬಿಟ್ಟಿದ್ದವು.

ಚಳಿಯಲ್ಲಿ ಬೆರಳು ಇಂಜಿನ್ನಿಗೆ ಅಂಟಿಕೊಂಡದ್ದು, ಸೈರನ್ ಆದಾಗ ಪರಾತದಲ್ಲಿದ್ದ ಹಿಟ್ಟು ಹಾಗೇ ಬಿಟ್ಟು ಓಡಿದ ಅಡುಗೆಯವ, ಎಲ್ಲ ಹೇಳಿದರು. ಒಂದು ದಿನ, ನಾನು ಕೇಳದೆಯೇ, ಇನ್ನೊಂದು ಹೇಳಿದರು.

ಅವರಿಗೆ ಒಪ್ಪಿಸಿದ್ದ ವಿಮಾನವನ್ನು ಹಾರಿಸುತ್ತಿದ್ದವರು ಒಬ್ಬ ಎಳೆಯ ಪೈಲಟ್. ಅವರನ್ನು ಸೀಟಿನಲ್ಲಿ ಕೂಡ್ರಿಸಿ ಬೆಲ್ಟು ಬಿಗಿಯುವುದು ಮಾಮೂನ ಕೆಲಸ. ವಾಪಸು ಬಂದಾಗ ಮುಂದೆ ನಿಂತು ಎರಡೂ ಕೈಗಳಿಂದ ಸನ್ನೆ ಮಾಡುತ್ತ ವಿಮಾನವನ್ನು ಅದರ ಜಾಗಕ್ಕೆ ಕರೆದುತಂದು ನಿಲ್ಲಿಸುವುದೂ ಅವರೇ. ಒಂದು ಸಂಜೆ ಹೋದದ್ದು ನಾಲ್ಕು ವಿಮಾನ, ಬಂದದ್ದು ಮೂರು. ಬಾರದೆ ಉಳಿದದ್ದು ಆ ಪೈಲಟ್ ಸಾಹೇಬರದು.

"ಎಣ್ಣಿ ತೀರೋ ಹೊತ್ತು ದಾಟಿತ್ತು. ಅಂದ್ರ ಬರಂಗಿಲ್ಲ ಅಂತನ ಅರ್ಥ" ಎಂದರು ಮಾಮೂ. "ಎಲ್ಲಾರೂ ಹೋದ್ರು. ನಾ ಹೋಗಲಿಲ್ಲ. ಅಷ್ಟರಾಗ ಸದ್ದು ಕೇಳ್ತು. ಇಳೀತು, ಹೊಳ್ಳಿತು, ನನ್ನ ಕಡೆನ ಬಂತು. ನಾ ಕೈ ಮಾಡಿದೆ. ನಿಂತಿತು. ಮಾರಿಗೆ ಝಳ ಬಡೀತು ನೋಡು, ದಿನಾ ಬಡೀತಿತ್ತಲ್ಲ, ಹಂಗ. ಸಾಹೇಬರು ಕೆಳಗಿಳದು ಹೆಗಲ ಮ್ಯಾಲೆ ಕೈ ಇಟ್ರು. ಇಂಜಿನ್ ಚಲೋ ನಡೀತು ರಾಜೇ, ಅಂದ್ರು."

"ಆಮ್ಯಾಲೆ?"

"ಆಮ್ಯಾಲೇನು? ಸಾರ್ಜೆಂಟರು ಬಂದು ನನ್ನ ಅಲುಗಾಡಿಸಿದ್ರು. ಖಾಲಿ ಜಾಗಾದ ಮುಂದ ಕೈ ಎತ್ತಿ ನಿಂತಿದ್ದೆ. ಇದನ್ನ ಯಾರ ಮುಂದೂ ಹೇಳಬ್ಯಾಡ, ದವಾಖಾನಿಗೆ ಹಾಕ್ತಾರ ಅಂದ್ರು ಅವ್ರು. ಹೇಳಲಿಲ್ಲ. ನಿಮ್ಮ ಮಾಮೀಗೂ ಹೇಳಿಲ್ಲ."

ಆ ಪೈಲಟ್ ಮತ್ತೆ ಬರಲಿಲ್ಲ. ಅವರ ವಿಮಾನ ಎಲ್ಲಿ ಬಿತ್ತೆಂದೂ ಮಾಮೂಗೆ ಗೊತ್ತಾಗಲಿಲ್ಲ.

ನಾನು ಆ ಭಾಗವನ್ನೂ ಬರೆದೆ. ಆದರೆ ಕೈಬರಹ ಪ್ರೆಸ್ಸಿಗೆ ಹೋಗುವಾಗ ಅದರ ಮೇಲೆ ಮೂರು ಮನೆಯ ಪಂಚಾಯಿತಿಯಾಯಿತು. ಬೆಟಗೇರಿಯ ಮುದ್ರಣಾಲಯದ ಶಿವಪುತ್ರಪ್ಪನವರು ಓದಿ, "ಮೇಡಂ, ಇದನ್ನ ತೆಗದ್ರ ಪುಸ್ತಕ ಸಪ್ಪಗ ಆಕ್ಕೈತಿ ನೋಡ್ರಿ" ಎಂದರು. ಶಮಶಾದ ಬೇಡವೆಂದಳು. ಅವಳು ನನ್ನನ್ನು ಅಕ್ಕ ಎಂಬ ಅರ್ಥದಲ್ಲಿ ಆಪಾ ಎನ್ನುತ್ತಾಳೆ. "ಬ್ಯಾಡ ಆಪಾ. ಇಷ್ಟು ವರ್ಷ ಮರ್ಯಾದಿಲೆ ಬದುಕಿದ ಮನಶ್ಯಾ. ಮುದುಕಗ ತಲಿ ತಿರಗೇತಿ ಅಂತ ಮಂದಿ ಆಡ್ಕೊಳ್ಳೂದು ನಾ ಕೇಳಲಾರೆ." ನನಗೂ ಅವಳ ಮಾತೇ ಸರಿ ಅನಿಸಿತು. ದಿನಗಟ್ಟಲೆ ನಿದ್ದೆಯಿಲ್ಲದ ಮನುಷ್ಯ, ಪ್ರೀತಿಯ ಸಾಹೇಬರ ದಾರಿ ಕಾಯುತ್ತ ನಿಂತವನು, ಏನೋ ಕಂಡಿದ್ದಾನೆ. ಅದು ಯುದ್ಧದ ನೆನಪಲ್ಲ, ದಣಿವಿನ ಕನಸು. ಹೀಗೆ ನಿರ್ಧರಿಸಿ ಆ ಅಧ್ಯಾಯ ತೆಗೆದೆ. ಮಾಮೂಗೆ ಹೇಳಿಯೇ ತೆಗೆದೆ.

ಅವರು ಬೇಸರ ಮಾಡಿಕೊಳ್ಳಲಿಲ್ಲ. "ಬ್ಯಾಡಾಗಿದ್ರ ತೆಗಿ, ಬೇಟಿ" ಎಂದರು. ಆಮೇಲೆ, "ಸುಳ್ಳಂತ ಮಾತ್ರ ತೆಗೀಬ್ಯಾಡ" ಎಂದರು.

ಮುಖಪುಟಕ್ಕೆ ಒಂದು ಫೋಟೋ ಬೇಕಿತ್ತು. ಆಕಾಶ ನೋಡುತ್ತಿರುವ ಹಾಗೆ ತೆಗೆಯಿರಿ ಎಂದಿದ್ದರು ಶಿವಪುತ್ರಪ್ಪನವರು. ಮಾಮೂ ತಾವಾಗಿಯೇ ಮಾಗಡಿ ಕೆರೆಗೆ ಹೋಗೋಣ ಎಂದರು. ಚಳಿಗಾಲದಲ್ಲಿ ಅಲ್ಲಿಗೆ ಎಲ್ಲೆಲ್ಲಿಂದಲೋ ಹೆಬ್ಬಾತುಗಳು ಬರುತ್ತವೆ. ಅವು ನೀರಿಗಿಳಿಯುವುದನ್ನು ನೋಡುವುದೆಂದರೆ ಮಾಮೂಗೆ ಬಹಳ ಇಷ್ಟ.

ಪರಿಚಯದ ಆಟೋದವನಿಗೆ ಹೇಳಿ ಬೆಳಿಗ್ಗೆ ಬೇಗ ಹೊರಟೆವು. ದಾರಿಯುದ್ದಕ್ಕೂ ಜೋಳ, ಕಡಲೆ ಹೊಲಗಳ ಮೇಲೆ ಮಂಜು ಕೂತಿತ್ತು. ಕೆರೆಗೆ ಬಂದಾಗ ಬೆಳಕು ಹರಿದಿತ್ತು, ಸೂರ್ಯ ಇನ್ನೂ ಮೇಲೆ ಬಂದಿರಲಿಲ್ಲ. ಮಾಮೂಗೆ ಚಳಿ ಹತ್ತಿತು. ಅವರು ಶಾಲು ಹೊದ್ದು ಆಟೋದಲ್ಲೇ ಕೂತರು. ಬಿಸಿಲು ಬಿದ್ದ ಮೇಲೆ ಕರೆಯುತ್ತೇನೆಂದು ಹೇಳಿ, ಫೋಟೋಕ್ಕೆ ಜಾಗ ನೋಡಲು ನಾನು ಏರಿಯ ಮೇಲೆ ನಡೆದೆ. ಏರಿ ಇಳಿದರೆ ಆಚೆ ಒಂದು ಬಯಲು. ದನ ಮೇಯುವ ಚಪ್ಪಟೆ ನೆಲ, ಗಿಡ ಮರ ಇಲ್ಲ. ಅಲ್ಲಿ ನಿಂತರೆ ಹಿಂದೆ ನೀರು, ಹಕ್ಕಿ ಎಲ್ಲ ಫೋಟೋದಲ್ಲಿ ಬರುತ್ತವೆ ಎಂದುಕೊಂಡು ಇಳಿದೆ.

ಮೊದಲು ಕೇಳಿದ್ದು ಶಿರಹಟ್ಟಿಯ ಕಡೆಯಿಂದ. ಹಿಟ್ಟಿನ ಗಿರಣಿ ನಡೆದ ಹಾಗೆ ಒಂದು ಬಡಿತ. ಟ್ರ್ಯಾಕ್ಟರ್ ಇರಬೇಕು ಎಂದುಕೊಂಡೆ. ಆದರೆ ಸದ್ದು ಮೇಲಿನಿಂದ ಬರುತ್ತಿತ್ತು. ತಲೆ ಎತ್ತಿದೆ. ಬರೀ ಆಕಾಶ. ಸದ್ದು ಹೊಲಗಳ ಮೇಲಿನಿಂದ ಇಳಿಯುತ್ತ ಬಂದು ಬಯಲಿನ ಆ ತುದಿಯಲ್ಲಿ ನೆಲ ಮುಟ್ಟಿತು. ಹೇಗೆ ಗೊತ್ತಾಯಿತು ಎಂದು ಕೇಳಬೇಡಿ. ಡಾಂಬರು ರಸ್ತೆ ಬಿಟ್ಟು ಬಂಡಿದಾರಿಗೆ ಇಳಿದ ಬಸ್ಸಿನ ಸದ್ದು ಬೇರೆಯಾಗುತ್ತದಲ್ಲ, ಹಾಗೆ ಬೇರೆಯಾಯಿತು. ಕುಲುಕುತ್ತ, ಉರುಳುತ್ತ, ಒಮ್ಮೆ ಹೊರಳಿ ನೇರ ನನ್ನ ಕಡೆಗೆ ಬಂತು. ಜೊತೆಗೆ ಗಾಳಿ. ಸೆರಗು ಹಾರಿ ಕುತ್ತಿಗೆಗೆ ಸುತ್ತಿಕೊಂಡಿತು, ಸುಟ್ಟ ಎಣ್ಣೆಯ ವಾಸನೆ ಗಂಟಲಿಗಿಳಿಯಿತು. ಕಣ್ಣ ಮುಂದೆ ಒಣ ಹುಲ್ಲು ಬಾಗಿತ್ತು. ಹುಲ್ಲು ಬಿಟ್ಟರೆ ಏನೂ ಇರಲಿಲ್ಲ.

ಒಂದು ಅಂಗಳದಷ್ಟು ದೂರದಲ್ಲಿ ಅದು ನಿಂತಿತು. ಬಡಿತ ನಿಧಾನವಾಯಿತು, ಕೆಮ್ಮಿತು, ಬಿಡಿ ಬಿಡಿಯಾಗಿ ಕೇಳಿ ಆಮೇಲೆ ಇಲ್ಲವಾಯಿತು. ಗಾಳಿ ಬಿತ್ತು. ಒಲೆಯಿಂದ ಇಳಿಸಿದ ಹಂಚು ಆರುವಾಗ ಟಿಣ್ ಟಿಣ್ ಅನ್ನುವ ಹಾಗೆ ಕಬ್ಬಿಣ ಆರುವ ಸದ್ದು. ಅದೂ ನಿಂತ ಮೇಲೆ ಬಂದ ಮೌನವನ್ನು ನಾನು ಮರೆಯಲಾರೆ. ಅದು ಯಾರೂ ಇಲ್ಲದ ಮೌನವಲ್ಲ. ಹೊಸ್ತಿಲ ಹೊರಗೆ ಬಂದು ನಿಂತವರು, ಒಳಗಿನವರು ಬರ್ರಿ ಎನ್ನಲಿ ಎಂದು ಕಾಯುತ್ತಾರಲ್ಲ, ಅಂಥದು. ನನಗಾದದ್ದು ಹೆದರಿಕೆ ಅನ್ನುವುದಕ್ಕಿಂತ ಏನು ಮಾಡಬೇಕೆಂದು ತಿಳಿಯದ ಮುಜುಗರ ಎಂದರೆ ಸರಿಯಾದೀತು.

ಇನ್ನೊಂದು ಹೇಳಬೇಕು. ಅಷ್ಟು ಸದ್ದಾದರೂ ಕೆರೆಯಲ್ಲಿದ್ದ ಒಂದು ಹಕ್ಕಿಯೂ ಏಳಲಿಲ್ಲ.

"ಅಕ್ಕಾರ, ಆ ಕಡೆ ಹೋಗಬ್ಯಾಡ್ರಿ, ಕೆಸರ ಐತಿ" ಎಂದು ಏರಿಯ ಮೇಲಿಂದ ಯಾರೋ ಕೂಗಿದರು. ಕೆರೆ ಕಾಯುವವರು. ಆ ಕೂಗಿಗೆ ಬಯಲು ಮತ್ತೆ ಬರೀ ಬಯಲಾಯಿತು. ನಾನು ಮೇಲೆ ಹತ್ತಿ, ಈಗ ಟ್ರ್ಯಾಕ್ಟರ್ ಬಂದಿತ್ತೇನು ಎಂದು ಕೇಳಿದೆ.

"ಇಲ್ಲರಿ. ಇಷ್ಟು ಲಗೂನ ಯಾರ ಬರ್ತಾರ್ರಿ? ನೀವ ಒಬ್ಬರು ನಿಂತಿದ್ರಿ. ತಲಿ ತಿರಗೇತೇನೋ ಅಂತ ಕರದ್ಯಾ."

ಚಷ್ಮಾ ಮಬ್ಬಾಗಿತ್ತು. ಮಂಜೆಂದು ಸೆರಗಿನಿಂದ ಒರೆಸಿದರೆ ಇನ್ನಷ್ಟು ಮೆತ್ತಿಕೊಂಡಿತು. ಆಟೋ ಹತ್ತಿರ ಬಂದು, "ಮಾಮೂ, ಏನರ ಸದ್ದು ಕೇಳಿತೇನು?" ಎಂದೆ. "ನನಗೇನು ಕೇಳತೈತಿ ಈಗ" ಎಂದು ನಕ್ಕರು. ಬಿಸಿಲು ಬಂತು, ಫೋಟೋ ತೆಗೆದೆ, ಲಕ್ಷ್ಮೇಶ್ವರಕ್ಕೆ ಬಂದೆವು. ಶಮಶಾದಳ ಮನೆಯಲ್ಲಿ ಚಷ್ಮಾ ಸಾಬೂನು ಹಚ್ಚಿ ತೊಳೆದೆ. ಗಾಜಿನ ಮೇಲಿದ್ದದ್ದು ಜಿಡ್ಡು, ತೆಳ್ಳಗಿನ ಎಣ್ಣೆಯ ಜಿಡ್ಡು. ಇದ್ದ ಒಂದೇ ಸಾಕ್ಷಿಯನ್ನು ಹಾಗೆ ತೊಳೆಯಬಾರದಿತ್ತೆಂದು ಹೊಳೆದದ್ದು ಎಷ್ಟೋ ದಿನಗಳ ಮೇಲೆ.

ಕರಡು ಅಚ್ಚಾಗಿ ಬರುವ ತನಕ ನಾನು ಯಾರಿಗೂ ಹೇಳಲಿಲ್ಲ. ಹೇಳದೆ ಇರಲೂ ಆಗಲಿಲ್ಲ. ಕರಡು ತೆಗೆದುಕೊಂಡು ಹೋದ ದಿನ ಮಾಮೂ ಹೊರಸಿನ ಮೇಲಿದ್ದರು, ಶಮಶಾದ ಪಕ್ಕದಲ್ಲೇ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಅವರ ಬಲಗಿವಿಯ ಹತ್ತಿರ ಕೂತು ಎಲ್ಲ ಹೇಳಿದೆ. ಹೇಳುವಾಗ ನನ್ನ ಮನಸ್ಸಿನಲ್ಲಿ ಒಂದು ಆಸೆಯೂ ಇತ್ತು. ಅವರ ಸಾಹೇಬರು ಕೊನೆಗೆ ಇಲ್ಲಿತನಕ ಬಂದರು ಎಂದು ಈ ಮುದುಕರಿಗೆ ಅನಿಸಲಿ, ಸಮಾಧಾನವಾಗಲಿ ಎಂದು.

ಮಾಮೂ ಕಣ್ಣು ಮುಚ್ಚಿ ಕೇಳಿದರು. ಆಮೇಲೆ, "ಸದ್ದು ಹೆಂಗಿತ್ತು, ಬಾಯಿಲೆ ಮಾಡಿ ತೋರ್ಸು" ಎಂದರು. ನಾಚಿಕೆ ಬಿಟ್ಟು ಮಾಡಿ ತೋರಿಸಿದೆ. ಚಷ್ಮಾದ ಜಿಡ್ಡಿನ ಮಾತು ಬಂದಾಗ ಕಣ್ಣು ತೆರೆದರು.

"ನಮ್ಮ ಸಾಹೇಬರದಲ್ಲ ಬಿಡು ಅದು."

"ಹಂಗ್ಯಾಕಂತೀರಿ ಮಾಮೂ?"

"ನಮ್ಮದು ಜೆಟ್. ಸೀಟಿ ಊದಿದಂಗ ಬರ್ತಿತ್ತು. ಗಿರಣಿಗತೆ ಬಡಕೊಳ್ಳೂದು ಪಂಖಾ ಇರೂ ಇಮಾನ, ಹಳೇ ಕಾಲದ್ದು. ಎಣ್ಣಿ ಉಗುಳೂದು ಅದ. ಟ್ರೇನಿಂಗಿನ್ಯಾಗ ಹಂತಾದ್ದರ ಮುಂದ ನಿಂತು ನನ್ನ ಅಂಗಿ ಎಲ್ಲಾ ಹಾಳಾಗ್ತಿದ್ವು." ಸ್ವಲ್ಪ ಯೋಚಿಸಿದರು. "ನನಗಿಂತ ಮೊದಲಿನವರು ಯಾರೋ. ಯಾರಂತ ನನಗ ಗೊತ್ತಿಲ್ಲ."

ಶಮಶಾದಳ ಕೈ ಸೊಪ್ಪಿನ ಮೇಲೆ ನಿಂತಿತ್ತು.

"ನೀ ಕೈ ಮಾಡಿದೇನು?" ಎಂದು ಕೇಳಿದರು ಮಾಮೂ.

"ಇಲ್ಲ."

"ಮಾಡಬೇಕಿತ್ತು. ಅಷ್ಟ ದೂರದಿಂದ ಬಂದಿರ್ತಾರ." ಬೈದದ್ದಲ್ಲ. ಬಂದ ಅತಿಥಿಗೆ ನೀರು ಕೊಡುವುದನ್ನು ಮರೆತ ಮಗಳಿಗೆ ಹೇಳುವ ಹಾಗೆ ಹೇಳಿದರು.

ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಆ ಕೆರೆಗಿಂತ ಮಾಮೂನ ಉತ್ತರವೇ ತಲೆಯಲ್ಲಿ ಸುತ್ತುತ್ತಿತ್ತು. ಭ್ರಮೆಯಲ್ಲಿ ಬದುಕುವ ಮನುಷ್ಯನಾಗಿದ್ದರೆ ನನ್ನ ಮಾತನ್ನು ಎರಡೂ ಕೈಯಿಂದ ಬಾಚಿಕೊಳ್ಳಬೇಕಿತ್ತು. ಅವರು ಐವತ್ತು ವರ್ಷ ದಾರಿ ಕಾದ ಸಾಹೇಬರನ್ನು ನಾನು ತಂದು ಮುಂದೆ ನಿಲ್ಲಿಸಿದ್ದೆ. ಅವರು ನೋಡಿ, ಇವರಲ್ಲ ಎಂದುಬಿಟ್ಟರು. ಅಷ್ಟು ಖರೆ ಮನುಷ್ಯ ಆ ಸಂಜೆ ಕಂಡದ್ದನ್ನು ತೆಗೆದುಹಾಕಲು ನಾನು ಯಾರು ಅನಿಸಿತು. ಮರುದಿನ ಶಮಶಾದಳೇ ಫೋನ್ ಮಾಡಿದಳು. "ಆಪಾ, ಅದನ್ನ ಹಾಕು. ನಗೋರು ನಗಲಿ" ಎಂದಳು. ಬೆಟಗೇರಿಗೆ ಹೋಗಿ ಆ ಅಧ್ಯಾಯವನ್ನು ಅದರ ಜಾಗಕ್ಕೆ ಸೇರಿಸಿ ಬಂದೆ.

ಪುಸ್ತಕ ಬಂತು. ಶಮಶಾದ ದಿನಾ ಸಂಜೆ ಒಂದಿಷ್ಟು ಪುಟ ಬಲಗಿವಿಗೆ ಓದುತ್ತಿದ್ದಳಂತೆ. ಆ ಅಧ್ಯಾಯ ಓದಿದ ದಿನ ಮಾಮೂ ಎದ್ದು, ಊಟ ಚೆನ್ನಾಗಿ ಮಾಡಿ, ಬೇಗ ಮಲಗಿದರಂತೆ. ಯಾರೂ ನಗಲಿಲ್ಲ. ಸೇನೆಯಲ್ಲಿದ್ದು ಬಂದ ಕೆಲವರು ನನಗೆ ಫೋನ್ ಮಾಡಿ, ಬೇರೆಲ್ಲ ಮಾತಾಡಿ ಮುಗಿಸಿ, ಕೊನೆಗೆ ದನಿ ತಗ್ಗಿಸಿ ಅದೊಂದೇ ಅಧ್ಯಾಯದ ಬಗ್ಗೆ ಕೇಳಿದರು. ಅದು ಮಾಮೂನ ಪುಸ್ತಕವಾದ್ದರಿಂದ ನನಗಾದದ್ದನ್ನು ಅದರಲ್ಲಿ ಎಲ್ಲೂ ಬರೆಯಲಿಲ್ಲ. ಮರುವರ್ಷದ ಬೇಸಿಗೆಯಲ್ಲಿ ಮಾಮೂ ತೀರಿಕೊಂಡರು, ಮಧ್ಯಾಹ್ನದ ನಿದ್ದೆಯಲ್ಲಿ.

ಆಮೇಲೆ ಒಮ್ಮೆ ಮಾಗಡಿಯ ಹಿರಿಯರನ್ನು ವಿಚಾರಿಸಿದೆ. ಹಿಂದೆ ಬ್ರಿಟಿಷರ ಕಾಲದ ದೊಡ್ಡ ಯುದ್ಧದಲ್ಲಿ ಇಮಾನಗಳು ಮೇಲೆ ಹಾದುಹೋಗುತ್ತಿದ್ದವೆಂದು ತಮ್ಮ ಅಪ್ಪ ಹೇಳುತ್ತಿದ್ದರು ಎಂದರು ಒಬ್ಬರು. ಇಲ್ಲಿ ಇಳಿದದ್ದಾಗಲಿ ಬಿದ್ದದ್ದಾಗಲಿ ಯಾರೂ ಕೇಳಿಲ್ಲ. ನನ್ನಷ್ಟಕ್ಕೆ ನಾನೂ ಕಾರಣ ಹುಡುಕಿದ್ದೇನೆ. ತಿಂಗಳುಗಟ್ಟಲೆ ಅವೇ ಕತೆಗಳನ್ನು ಕೇಳಿ ಕೇಳಿ ನನ್ನ ತಲೆಯೇ ಕಟ್ಟಿದ ಕಲ್ಪನೆ ಎನ್ನಬಹುದು. ಆದರೆ ನನ್ನ ತಲೆ ಕಟ್ಟಿದ್ದಾದರೆ ಜೆಟ್ಟನ್ನೇ ಕಟ್ಟಬೇಕಿತ್ತು. ಪಂಖದ ವಿಮಾನ ಎಣ್ಣೆ ಉಗುಳುತ್ತದೆಂದು ನನಗೆ ಆವರೆಗೆ ಗೊತ್ತೇ ಇರಲಿಲ್ಲ.

ಯಾರು ಬಂದಿದ್ದರು, ಎಲ್ಲಿಂದ ಬಂದರು, ಜೋಳದ ಹೊಲಗಳ ನಡುವಿನ ಆ ದನ ಮೇಯುವ ಬಯಲೇ ಅವರಿಗೆ ಏಕೆ ಬೇಕಾಯಿತು, ನನಗೆ ತಿಳಿದಿಲ್ಲ. ಮಾಮೂಗೂ ತಿಳಿದಿರಲಿಲ್ಲ. ಗೊತ್ತಿಲ್ಲ ಎಂದು ಹೇಳುವಾಗ ಅವರ ದನಿಯಲ್ಲಿ ಒಂಚೂರೂ ಅಳುಕಿರಲಿಲ್ಲ. ನನಗೆ ಇನ್ನೂ ಅಷ್ಟು ಸಲೀಸಾಗಿ ಹೇಳಲು ಬರುವುದಿಲ್ಲ.